ಶೆಟ್ಟರ ಜಾಗ ನೋಡಲು ಹೋದದ್ದು

ಫೋರ್ಟಿನಲ್ಲಿ ಹೋಟೆಲಿಟ್ಟಿರುವ ನನ್ನ ಕಕ್ಷಿದಾರ ಶೆಟ್ಟರು, ತಾವು ಕೊಂಡ ಜಾಗದಲ್ಲಿ ಮನೆ ಕಟ್ಟಬಹುದೇ ಎಂದು ಕೇಳಲು ನನ್ನನ್ನು ವಿಕ್ರೋಳಿಯ ಕಡಲ ಖಾಡಿ ಪಕ್ಕಕ್ಕೇ ಕರೆದೊಯ್ದರು. ನೋಡಿದರೆ ಬರೀ ನೀರು.

"ಬೆಳಿಗ್ಗೆ ಇತ್ತು ಮಾರಾಯ್ರೆ!" ಎಂದರು ಕಂಗಾಲಾಗಿ.

ಉಬ್ಬರ ಇಳಿಯಲೆಂದು ದಂಡೆಯ ಮೇಲೆ ಕೂತೆವು. ಅಲ್ಲಿಯ ಗಾರ್ಡ್ ಬಂದು, ಯಾರಿಗೆ ಕಾಯುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ.

"ಮೇರಾ ಜಾಗಾ ಆನೇವಾಲಾ ಹೈ," ಎಂದರು ಶೆಟ್ಟರು.

ಸಂಜೆಗೆ ಜಾಗ ಬಂತು. ತುಂಬ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ನಡುವಿನ ಕೆಸರಲ್ಲಿ ಫ್ಲೆಮಿಂಗೊ ಹಕ್ಕಿಗಳ ಹಿಂಡು. ಕಾಂಡ್ಲಾ ಕಡಿಯುವಂತಿಲ್ಲ, ಮನೆಯಾಸೆ ಬಿಡಿ ಎಂದೆ. ಶೆಟ್ಟರ ಮುಖ ಸಣ್ಣದಾಯಿತು. ಈ ಹಕ್ಕಿಗಳು ಯಾವಾಗಿನಿಂದ ಇಲ್ಲಿ ಬರುತ್ತಿವೆ ಎಂದು ಗಾರ್ಡನ್ನು ಕೇಳಿದರು.

"ಬೀಸ್ ಸಾಲ್ ಸೇ," ಇಪ್ಪತ್ತು ವರ್ಷದಿಂದ, ಎಂದ ಅವನು.

ಇನ್ನೊಬ್ಬರ ಜಾಗವನ್ನು ಹನ್ನೆರಡು ವರ್ಷ ಬಿಡದೆ ಅನುಭವಿಸಿದವರು ಅದಕ್ಕೆ ಹಕ್ಕು ಹೇಳಬಹುದೆಂಬ ಕಾನೂನನ್ನು ಅವತ್ತು ನಾನು ಶೆಟ್ಟರಿಗೆ ಹೇಳಲಿಲ್ಲ.