ಡಬ್ಬವೋ, ಡೌನ್‌ಲೋಡೋ

ಕಳೆದ ಶನಿವಾರ ಬೆಳಗಿನ ತರಗತಿಗಳು ಮುಗಿದು ಸ್ಟಾಫ್‌ರೂಮಿನಲ್ಲಿ ಉಪ್ಪಿಟ್ಟು ಹಂಚುತ್ತಿದ್ದರು. ಹೊಸದಾಗಿ ಬಂದಿರುವ ವಿಜ್ಞಾನದ ಮೇಡಂ ನನ್ನ ಕಡೆ ತಿರುಗಿ, “ಸಾರ್, ನಮ್ಮನೆಯವರು ಕಂಪ್ಯೂಟರಿಗೆ ಒಂದು ಗೇಮ್ ತಗೋಬೇಕು ಅಂತಿದಾರೆ. ಅಂಗಡೀಲಿ ಡಬ್ಬ ತರೋದು ಒಳ್ಳೇದಾ, ಡೌನ್‌ಲೋಡ್ ಮಾಡ್ಕೊಳ್ಳೋದು ಒಳ್ಳೇದಾ? ಅದಕ್ಕೆ ಏನೋ ಮಾಡ್ ಬೇರೆ ಹಾಕ್ಕೋಬೇಕಂತೆ” ಎಂದರು.

ಎಲ್ಲರೂ ನನ್ನನ್ನೇ ನೋಡಿದರು. ಬಂಗಾರಪೇಟೆಯ ನಮ್ಮ ಶಾಲೆಯಲ್ಲಿ ನನಗೊಂದು ಹೆಸರಿದೆ. ಏನೇ ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಪಾಠ ಮಾಡುವುದು ಸಮಾಜ ವಿಜ್ಞಾನವಾದರೂ ಮಿಕ್ಸಿ ರಿಪೇರಿಯಿಂದ ಹಿಡಿದು ಮಂಡಿನೋವಿನವರೆಗೆ ನನ್ನ ಅಭಿಪ್ರಾಯ ಸದಾ ಸಿದ್ಧ. ಆದರೆ ಆ ದಿನ ಒಂದು ಚಮಚ ಉಪ್ಪಿಟ್ಟನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದೆ. ಕೊನೆಗೆ, “ವಿಚಾರಿಸಿ ಸೋಮವಾರ ಹೇಳ್ತೀನಿ ಮೇಡಂ” ಎಂದೆ. ಪಿ.ಟಿ. ಮೇಷ್ಟ್ರು, “ಸಾರ್, ಹುಷಾರಾಗಿದೀರಾ?” ಎಂದು ಕೇಳಿದರು.

ಅವರಿಗೆ ಹೇಳದ ಕಾರಣವನ್ನು ನಿಮಗೆ ಹೇಳುತ್ತೇನೆ.

ನನ್ನ ಅಕ್ಕ ನಾರಾಯಣಮ್ಮ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬೇತಮಂಗಲ ದಾಟಿ ಸ್ವಲ್ಪ ದೂರದ ಹಳ್ಳಿಗೆ ಕೊಟ್ಟಿದ್ದೇವೆ. ನಾವು ಹುಟ್ಟಿನಿಂದ ಬೇಸಾಯದವರು. ಆದರೆ ಕಳೆ ಕೀಳುವ ಕಾಲ ಬಂತೆಂದರೆ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ. “ಓದೋ ಹೈದ, ಬುಡಿ” ಎಂದು ಅಕ್ಕ ನನ್ನ ಪಾಲಿನ ಸಾಲನ್ನೂ ತಾನೇ ಕಿತ್ತುಬಿಡುತ್ತಿದ್ದಳು. ಹೀಗೆ ಮಣ್ಣು ಮುಟ್ಟದೆ ಬೆಳೆದ ನಾನು ಮೂವತ್ತೈದು ದಾಟಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಬೇಸಾಯ ಶುರುಮಾಡಿದೆ. ಅದೊಂದು ಆಟ. ಯಾವುದೋ ಯೂರೋಪಿನ ಹಳ್ಳಿ, ಟ್ರಾಕ್ಟರು, ಗೋಧಿ. ಮನೆಯವಳು ತುಳಸಿ ಗಿಡಕ್ಕೆ ನೀರು ಹಾಕಿ ಎಂದರೆ, “ಇರು, ಗೋಧಿ ಕಟಾವಿಗೆ ಬಂದಿದೆ” ಎನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ಅಕ್ಕ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಮಾಡಿ ರಾಡು ಹಾಕಿದರು. ಮೂರು ತಿಂಗಳು ಕಾಲು ಊರಬಾರದೆಂದರು. ಒಂಬತ್ತನೇ ದಿನವೇ ಅಕ್ಕ ಹಾಲು ಕರೆಯಲು ಎದ್ದಳು. ರಾಡು ಸರಿಯಿತು, ಮತ್ತೆ ಆಪರೇಷನ್ ಆಯಿತು. “ಇನ್ನೊಂದು ಸಲ ಹೀಗೆ ಮಾಡಿದ್ರೆ ಕಾಲು ನೆಟ್ಟಗಾಗೋದಿಲ್ಲ” ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹಸು ಅಂಬಾ ಎಂದರೆ ಸಾಕು, ಇವಳು ಏಳುತ್ತಾಳೆಂದು ಭಾವ ಎರಡೂ ಹಸುಗಳನ್ನು ಅವರ ತಮ್ಮನ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ಅಕ್ಕನನ್ನು ಮಂಚದಲ್ಲಿ ಹಿಡಿದಿಡುವ ಕೆಲಸ ನನಗೆ ಬಂತು. ಆಟ ತುಂಬಿದ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟೆ.

ಎರಡೇ ದಿನದಲ್ಲಿ ಅವಳು ನನಗಿಂತ ನೇರವಾಗಿ ಉಳುತ್ತಿದ್ದಳು. ನಾಲ್ಕನೇ ದಿನ, “ಇದ್ರಾಗೆ ರಾಗಿ ಎಲ್ಲೈತ್ಲಾ?” ಎಂದಳು.

“ರಾಗಿ ಇಲ್ಲ ಕಣಕ್ಕ. ಗೋಧಿ ಐತೆ.”

“ಗೋಧಿ ಬೆಳ್ದು ನಾನೇನ್ ಮಾಡ್ಲಿ? ಆ ಕೋಲು ತತ್ತಾ, ಒಂಚೂರು ವಲ ನೋಡ್ಕೊಂಡ್ ಬತ್ತೀನಿ.”

ಕೋಲನ್ನು ಅಟ್ಟದ ಮೇಲೆ ಹಾಕಿ, ರಾಗಿ ತರಿಸುತ್ತೇನೆಂದು ಮಾತು ಕೊಟ್ಟೆ. ಆಟ ಮಾಡಿದ ಕಂಪನಿಯವರಲ್ಲದೆ ಬೇರೆ ಆಸಕ್ತರೂ ಅದಕ್ಕೆ ಹೊಸ ಗಿಡ, ಹೊಸ ಗಾಡಿ ಸೇರಿಸಿ ಹಂಚುತ್ತಾರೆ. ಅಂಥ ಜೋಡಣೆಯೇ ಮಾಡ್ ಎಂದು ವಿವರಿಸಿದೆ. “ಮಾಡ್ ಅಂದ್ರೆ ಏನ್ ಮಾಡ್ಬೇಕ್ಲಾ?” ಎಂದಳು. “ನೀನೇನೂ ಮಾಡ್ಬೇಡ, ಅದರ ಹೆಸರೇ ಮಾಡ್” ಎಂದೆ. “ಮಾಡ್ ಅಂತೀಯ, ಮಾಡ್ಬ್ಯಾಡ ಅಂತೀಯ” ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಹುಡುಕಿದರೆ ನಿಜವಾಗಿಯೂ ಸಿಕ್ಕಿತು. ರಾಗಿ ಅಷ್ಟೇ ಅಲ್ಲ, ಅದರ ನಡುವೆ ಅವರೆ, ಸಾಸಿವೆ ಹಾಕುವ ಅಕ್ಕಡಿ ಸಾಲೂ ಇತ್ತು. ಮಾಡಿದವಳು ಸೆಲ್ವಿ, ಊರು ಹತ್ತಿರದ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್. ಕೆಳಗೆ ಯಾವುದೋ ಸೂಚನೆಯಿತ್ತು. ಸೂಚನೆಗಳು ಗೊತ್ತಿಲ್ಲದವರಿಗೆ ಎಂಬುದು ನನ್ನ ನಂಬಿಕೆಯಾದ್ದರಿಂದ ಓದಲಿಲ್ಲ. ಮಾಡನ್ನು ಆಟಕ್ಕೆ ಸೇರಿಸಿ, ಭಾವನನ್ನೂ ಕರೆದು, ತೆರೆದೆ. ಟ್ರಾಕ್ಟರು ಕಾಣಿಸಿತು. ಹೊಲವಿದ್ದ ಕಡೆ ಬರೀ ನೇರಳೆ ಬಣ್ಣ. ಆಮೇಲೆ ಆಟವೇ ಮುಚ್ಚಿಕೊಂಡಿತು.

ಕಾರಣ ನನಗೆ ತಕ್ಷಣ ಹೊಳೆಯಿತು, ಅಥವಾ ಹೊಳೆದಂತಾಯಿತು. ಅಂತರ್ಜಾಲದಲ್ಲಿ ಕೊಂಡ ಆಟ ನಾವು ಕೇಳದಿದ್ದರೂ ತನ್ನಷ್ಟಕ್ಕೆ ಹೊಸದಾಗುತ್ತಿರುತ್ತದೆ. ಹಿಂದಿನ ವಾರವೂ ಆಗಿತ್ತು. ಹಳೆಯ ಮಾಡು ಹೊಸ ಆಟಕ್ಕೆ ಒಗ್ಗಲಿಲ್ಲ. “ಡೌನ್‌ಲೋಡ್ ಅನ್ನೋದೇ ಮೋಸ. ಡಬ್ಬದಲ್ಲಿ ಬಂದಿದ್ದು ಬಂದಹಾಗೇ ಇರತ್ತೆ” ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಭಾವ ಶಾಂತವಾಗಿ ಎಲೆ ಅಡಿಕೆ ಹಾಕಿಕೊಂಡರು.

ಮರುದಿನ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ, ಒಂದು ಮೊಬೈಲ್ ಅಂಗಡಿಯ ಮೇಲಿನ ಕಪಾಟಿನಲ್ಲಿ ಆ ಆಟದ ಡಬ್ಬವನ್ನು ಪತ್ತೆಹಚ್ಚಿದೆ. ಅಂಗಡಿಯವನು ಧೂಳು ಒರೆಸುತ್ತ, “ಸಾರ್, ಉಳ್ಳೆ, ಒಳಗಡೆ ಏನಿದೆ ಅಂತ ನೋಡ್ಕೊಂಡು ತಗೊಳ್ಳಿ” ಎಂದ. ನೋಡುವುದೇನು? ಬೇತಮಂಗಲದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕೂತವರಿಗೂ ಡಬ್ಬದ ಮಹಿಮೆ ಹೇಳುತ್ತ ಹೋದೆ.

ಅಕ್ಕನ ಮುಂದೆ ಮುಚ್ಚಳ ತೆಗೆದೆ. ಒಳಗೆ ಡಿಸ್ಕ್ ಇರಲಿಲ್ಲ. ಒಂದು ಚೀಟಿಯಿತ್ತು, ಚೀಟಿಯಲ್ಲೊಂದು ಕೋಡ್. ಅದನ್ನು ಕಂಪ್ಯೂಟರಿಗೆ ಹಾಕಿದರೆ, ಈ ಆಟ ನಿಮ್ಮಲ್ಲಿ ಈಗಾಗಲೇ ಇದೆ ಎಂದು ಬಂತು. ಡಿಸ್ಕ್ ಇದ್ದಿದ್ದರೂ ತೂರಿಸಲು ನನ್ನ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂಬುದನ್ನೂ ಆಗಲೇ ಗಮನಿಸಿದೆ.

ಭಾವ ಡಬ್ಬವನ್ನು ತಿರುಗಿಸಿ ನೋಡಿ, “ಗಟ್ಟಿಯಾಗೈತೆ ಮೇಷ್ಟ್ರೇ. ಸಾಸಿವೆ ತುಂಬಿಡಾಕಾಯ್ತದೆ” ಎಂದರು.

ಅಕ್ಕ ನಗಲಿಲ್ಲ. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂಗಾರಪೇಟೆಗೆ ಹಿಂತಿರುಗಿದೆ. ಎರಡು ದಿನದ ಮೇಲೆ ಭಾವ ಫೋನು ಮಾಡಿದರು. ಅಕ್ಕ ಗೋಡೆ ಹಿಡಿದು ನಿಂತಿದ್ದಳಂತೆ, ಒಂದು ಕಾಲು ನೆಲದ ಮೇಲಿತ್ತಂತೆ. ಕೇಳಿದ್ದಕ್ಕೆ, “ಅವ್ನು ರಾಗಿ ತತ್ತೀನಿ ಅಂದ. ತರ್ನಿಲ್ಲ. ಅದ್ಕೇ ನಾನೇ ಓಯ್ತೀನಿ” ಎಂದಳಂತೆ. ನನ್ನ ಸಾಲುಗಳನ್ನೆಲ್ಲ ಕಿತ್ತವಳು ಒಂದು ಬೆಳೆ ಕೇಳಿದ್ದಳು, ನಾನು ಭಾಷಣ ಕೊಟ್ಟಿದ್ದೆ.

ಅವತ್ತೇ ಸೆಲ್ವಿಗೆ ಬರೆದೆ. ವಿಳಾಸ ಕಳಿಸಿದಳು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಪಕ್ಕ ಅವಳದೊಂದು ಜೆರಾಕ್ಸ್ ಅಂಗಡಿ. ಇಪ್ಪತ್ತೈದರ ಆಸುಪಾಸಿನ ಹುಡುಗಿ. ನಾನು ಡಬ್ಬ ಮತ್ತು ಡೌನ್‌ಲೋಡಿನ ಬಗ್ಗೆ ಶುರುಮಾಡಿದೆ. ಅವಳು ಯಾರದೋ ಆಧಾರ್ ಜೆರಾಕ್ಸ್ ಮಾಡುತ್ತಲೇ ಕೇಳಿದಳು.

“ಸಾರ್, ನಿಮ್ಮ ಆಟದ ವರ್ಷನ್ ನಂಬರ್ ಎಷ್ಟು?”

“ಅಂದರೆ?”

“ಮಾಡ್ ಕೆಳಗೆ ಬರ್ದಿದೀನಲ್ಲ ಸಾರ್. ಈ ನಂಬರ್ ಆಟಕ್ಕೆ ಮಾತ್ರ ಆಗತ್ತೆ, ಅಪ್‌ಡೇಟ್ ನಿಲ್ಸಿ, ಹಳೇ ನಂಬರ್ ಆರಿಸ್ಕೊಳ್ಳಿ ಅಂತ. ಎಲ್ಲಿ ಆರಿಸ್ಬೇಕು ಅಂತಾನೂ ಹಾಕಿದೀನಿ. ಓದ್ಲಿಲ್ವಾ?”

ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಸೂಚನೆ ಓದಿರೆಂದು ವರ್ಷಕ್ಕೆರಡು ಬಾರಿ ಕೂಗುವ ಮನುಷ್ಯ ನಾನು. ಲ್ಯಾಪ್‌ಟಾಪ್ ಕೊಟ್ಟೆ. ಅವಳು ನಾಲ್ಕು ಕಡೆ ಒತ್ತಿದಳು. ಹಳೆಯ ಆವೃತ್ತಿ ಇಳಿಯತೊಡಗಿತು.

ಕಾಯುತ್ತ, ರಾಗಿಯನ್ನೇ ಯಾಕೆ ಮಾಡಿದೆ ಎಂದು ಕೇಳಿದೆ. “ಅಮ್ಮಾಗೋಸ್ಕರ ಸಾರ್. ಅಪ್ಪನ ಮೈನ್ಸ್ ಕೆಲಸ ಹೋದ್ಮೇಲೆ ಅಮ್ಮ ಬೇತಮಂಗಲದ ಕಡೆ ಕಳೆ ಕೀಳೋಕೆ ಕೂಲಿಗೆ ಹೋಗ್ತಿದ್ರು. ಬೇರೆಯವರ ಹೊಲ ಎಷ್ಟೋ ಮಾಡಿದಾರೆ. ಅವರ್ದು ಅಂತ ಒಂದಾದ್ರೂ ಇರ್ಲಿ ಅಂತ” ಎಂದಳು. ನಾನು ಯಾರಿಗಾಗಿ ಬಂದೆನೆಂದು ಆಮೇಲೆ ಕೇಳಿದಳು. ಹೇಳಿದೆ.

ಆ ಭಾನುವಾರ ಸೆಲ್ವಿ ತಾಯಿ ಮುನಿಯಮ್ಮನನ್ನೂ ಕರೆದುಕೊಂಡು ಅಕ್ಕನ ಮನೆಗೆ ಬಂದಳು. ಪರದೆಯಲ್ಲಿ ರಾಗಿ ಪೈರು ತೂಗುತ್ತಿತ್ತು. ಅಕ್ಕ ಬಹಳ ಹೊತ್ತು ನೋಡಿ, “ಅಕ್ಕಡಿ ಸಾಲು ದೂರಾಯ್ತು” ಎಂದಳು. ಮುನಿಯಮ್ಮ ಇಲ್ಲವೆಂದರು. ಇಬ್ಬರೂ ನಮ್ಮ ಗಡಿಭಾಗದಲ್ಲಿ ಎಲ್ಲರಿಗೂ ಬರುವ ತೆಲುಗಿನಲ್ಲಿ ವಾದಕ್ಕಿಳಿದರು. ಎಂಟು ಸಾಲಿಗೊಂದೋ ಆರು ಸಾಲಿಗೊಂದೋ ಎಂದು ತೀರ್ಮಾನವಾಗುವುದರೊಳಗೆ ಮಧ್ಯಾಹ್ನವಾಯಿತು. ಸೆಲ್ವಿ ಅವರು ಹೇಳಿದಂತೆಲ್ಲ ತಿದ್ದುತ್ತಿದ್ದಳು. ನಾನೂ ಒಂದು ಅಭಿಪ್ರಾಯ ಹೇಳಹೋದೆ. “ನೀನು ಟೀ ಮಾಡ್ಕೊಂಡ್ ಬಾರ್ಲಾ” ಎಂದಳು ಅಕ್ಕ.

ವಾರ ವಾರ ಅವರು ಬಂದರು, ನಾನು ಟೀ ಮಾಡಿದೆ, ಅಕ್ಕ ಮಂಚ ಬಿಟ್ಟು ಇಳಿಯಲಿಲ್ಲ. ಮೂಳೆ ಕೂಡಿತು. ಚಳಿಗಾಲದಲ್ಲಿ ಈಗಲೂ ಸ್ವಲ್ಪ ನೋಯುತ್ತದಂತೆ, ಆದರೆ ನೆಟ್ಟಗೆ ನಡೆಯುತ್ತಾಳೆ. ಹಸುಗಳು ವಾಪಸ್ಸು ಬಂದವು. ಮುಂದಿನ ಮುಂಗಾರಿಗೆ ಅಕ್ಕ ಯಾರನ್ನೂ ಕೇಳದೆ, ರಸ್ತೆ ಪಕ್ಕದ ತುಂಡು ಹೊಲವನ್ನು ಮುನಿಯಮ್ಮನಿಗೆ ವಾರಕ್ಕೆ ಕೊಟ್ಟಳು. ಬೇಸಾಯ ಅವರದು, ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು. ಮುನಿಯಮ್ಮ ಅದರಲ್ಲಿ ಅಕ್ಕಡಿಯನ್ನು ಎಂಟು ಸಾಲಿಗೊಂದರಂತೆಯೇ ಹಾಕಿದರು. ಅಕ್ಕ ಬದುವಿನ ಮೇಲೆ ನಿಂತು ನೋಡಿದಳು, ತನ್ನ ಆರು ಸಾಲಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮೊನ್ನೆ ಭಾನುವಾರ, ಅಂದರೆ ಉಪ್ಪಿಟ್ಟಿನ ಮರುದಿನ, ಮೇಡಂ ಕೇಳಿದ್ದನ್ನು ವಿಚಾರಿಸಲು ಅಕ್ಕನ ಊರಿಗೇ ಹೋದೆ. ಅಕ್ಕ, ಮುನಿಯಮ್ಮ, ಸೆಲ್ವಿ ಮೂವರೂ ಆ ತುಂಡು ಹೊಲದಲ್ಲಿದ್ದರು.

“ಯಾವ ಮಾಡ್ ಬೇಕು ಅಂತ ಕೇಳಿದ್ರಾ ಸಾರ್?” ಎಂದಳು ಸೆಲ್ವಿ.

“ಇಲ್ಲ.”

“ಅದನ್ನ ಮೊದ್ಲು ಕೇಳಿ. ಆ ಮಾಡ್ ಯಾವ ನಂಬರ್‌ಗೆ ಆಗತ್ತೆ ನೋಡಿ. ಆ ನಂಬರ್ ಎಲ್ಲಿ ಸಿಗತ್ತೋ ಅಲ್ಲಿ ತಗೊಳ್ಳಿ, ಡಬ್ಬಾನೋ ಡೌನ್‌ಲೋಡೋ.”

ಚೀಟಿಯಲ್ಲಿ ಬರೆದುಕೊಂಡೆ. ಬಂದ ಕೆಲಸ ಮುಗಿಯಿತು, ಆದರೆ ಮೂವರು ಹೆಂಗಸರು ಬಗ್ಗಿ ಕಳೆ ಕೀಳುವಾಗ ಬದುವಿನ ಮೇಲೆ ನಿಂತಿರಲು ಮನಸ್ಸಾಗಲಿಲ್ಲ. ಪ್ಯಾಂಟು ಮಡಚಿ, ಒಂದು ಸಾಲು ಹಿಡಿದು ಕೂತೆ. ಬೇಗ ಬೇಗ ಕಿತ್ತೆ. ಹಿಂತಿರುಗಿ ನೋಡಿದರೆ ಮುನಿಯಮ್ಮ ನಾನು ಎಸೆದದ್ದನ್ನೆಲ್ಲ ಆಯ್ದುಕೊಂಡು ನಿಂತಿದ್ದರು.

“ಸಾರ್,” ಎಂದರು ಮೆಲ್ಲಗೆ, “ನೀವು ಕಿತ್ತಿದ್ದು ರಾಗಿ.”

ಅಕ್ಕ ತಲೆಯೆತ್ತಲಿಲ್ಲ, ಬೆನ್ನು ಕುಲುಕುತ್ತಿತ್ತು. ಮುನಿಯಮ್ಮ ಪಕ್ಕದಲ್ಲಿ ಕೂತು ಎರಡು ಗಿಡ ತೋರಿಸಿದರು. ಬುಡ ಬಿಳಿಚಿಕೊಂಡು ಚಪ್ಪಟೆಯಾಗಿದ್ದರೆ ಕಳೆ, ಇಲ್ಲದಿದ್ದರೆ ರಾಗಿ. ನನ್ನ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಆ ಸಾಲು ಮುಗಿಯುವವರೆಗೂ ಒಂದೊಂದು ಗಿಡ ಮುಟ್ಟಿದಾಗಲೂ, “ಇದು?” ಎಂದು ಕೇಳಿದೆ. ಅವರು ಒಂದೊಂದಕ್ಕೂ ಹೇಳಿದರು.