ಗುಣವಾದ ಮೇಲಿನ ಕಾಯಿಲೆ

ಇವತ್ತು ಬೆಳಿಗ್ಗೆ ಜೀರಿಗೆ ಹುರಿಯಲು ಹೋಗಿ ಸೀಯಿಸಿಬಿಟ್ಟೆ. ಆ ಹೊಗೆಗೆ ಕೆಮ್ಮು ಬರಬೇಕಿತ್ತು. ಬಂದದ್ದು ಹೊನ್ನಾವರದ ನೆನಪು. ಎಂಬತ್ತು ದಾಟಿದ ಮೇಲೆ ಹೀಗೆಯೇ ನೋಡಿ, ಒಲೆಯ ಮೇಲಿಟ್ಟದ್ದು ಮರೆತುಹೋಗುತ್ತದೆ, ಅರುವತ್ತು ವರ್ಷದ ಹಿಂದಿನದ್ದು ಮರೆಯುವುದಿಲ್ಲ.

ಆಗ ನಾನು ಮಾವಿನಕುರ್ವೆಯ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದೇ ಹಾಗೆ, ವಯಸ್ಸು ಇಪ್ಪತ್ತೆರಡಾದರೂ ಸರಿ. ಹೊನ್ನಾವರ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ. ದಿನಾ ದೋಣಿಯಲ್ಲಿ ಶಾಲೆಗೆ ಹೋಗಿ ಬರುವುದು. ಕುಮಟೆಯಲ್ಲಿದ್ದ ಅಮ್ಮ ತೀರಿಕೊಂಡ ಮೇಲೆ ‘ಉಂಡ್ಯಾ?’ ಎಂದು ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದ ಮೇಲೆ ಉಣ್ಣುವುದಾದರೂ ಯಾಕೆ? ಬೆಳಿಗ್ಗೆ ಚಾ, ಮಧ್ಯಾಹ್ನ ಒಂದು ಮುಷ್ಟಿ ಅವಲಕ್ಕಿ, ರಾತ್ರಿ ಮತ್ತೆ ಚಾ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಮಕ್ಕಳಿಂದ ಕಾಪಿ ಬರೆಸುತ್ತಿದ್ದ ಮಹಾತಾಯಿಯೂ ನಾನೇ! ಎದೆಯುರಿ ಹತ್ತಿತು, ನಿದ್ರೆ ಹಾರಿತು, ರವಿಕೆಗಳೆಲ್ಲ ಜೋಲಾದವು. ಕೊನೆಗೆ ಮನೆಯೊಡತಿ ನನ್ನನ್ನು ಬಂದರದ ಹತ್ತಿರವಿದ್ದ ಪಂಡಿತರ ಮನೆಗೆ ಅಟ್ಟಿದರು. ಪಂಡಿತರೆಂದರೆ ನಾಡಿ ಹಿಡಿದು ನೋಡಿ ಮದ್ದು ಕೊಡುವವರು.

ಅರುವತ್ತೈದರ ಮುದುಕರು, ಹೆಂಡತಿ ಇಲ್ಲ, ಮಕ್ಕಳಿಲ್ಲ. ಮೂರು ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಕಣ್ಣು ಮುಚ್ಚಿದರು.

“ನಿನ್ನೆ ಎಂತ ಉಂಡ್ರಿ?”

“ಚಾ.”

“ಮೊನ್ನೆ?”

“ಚಾ.”

“ಚಾ ಉಂಬುದಲ್ಲ ಅಕ್ಕೋರೇ, ಕುಡಿಯೂದು. ವಾತ, ಪಿತ್ತ, ಕಫ ಮೂರೂ ನಮ್ಮೊಳಗೇ ಇರೂದು. ಹೊಂದ್ಕಂಡು ಸಂಸಾರ ಮಾಡಿದ್ರೆ ಆರೋಗ್ಯ. ನಿಮ್ಮಲ್ಲಿ ವಾತ ಎದ್ದು ಪಿತ್ತವನ್ನೂ ಕೆರಳಿಸಿದೆ. ಹೊಟ್ಟೆ ಅಂದ್ರೆ ಒಲೆ. ಕಟ್ಟಿಗೆ ಹೆಚ್ಚಾದ್ರೆ ಹೊಗೆ, ಹಾಕದೇ ಇದ್ರೆ ನಂದಿ ಹೋಗ್ತದೆ. ಯಾರ ಸಂಗ್ತಿಗೆ ಉಂಬುದು?”

“ಒಬ್ಬಳೇ.”

ಅವರು ಕಣ್ಣು ತೆರೆದು, ಒಂದು ಕಹಿ ಪುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟರು.

ಮದ್ದು ಅರ್ಧ, ಪಥ್ಯ ಅರ್ಧ ಎನ್ನುವುದು ಅವರ ಶಾಸ್ತ್ರ. ಸೂರ್ಯನಿಗಿಂತ ಮೊದಲು ಏಳಬೇಕು, ಮಲಗುವಾಗ ಅಂಗಾಲಿಗೆ ಎಣ್ಣೆ ತಿಕ್ಕಬೇಕು, ಹೊತ್ತಿಗೆ ಸರಿಯಾಗಿ ಬಿಸಿ ಗಂಜಿ ಉಣ್ಣಬೇಕು. ಪ್ರತಿ ಆಯ್ತವಾರ, ಶಾಲೆಗೆ ರಜೆಯಿರುವ ದಿನ, ಬೆಳಿಗ್ಗೆ ನಾಡಿ ತೋರಿಸಬೇಕು. “ಪಥ್ಯ ಉಂಬುದು ಹೆಂಗೆ ಹೇಳಿ ಕಲಿಸ್ತೆ” ಎಂದು ಜಗಲಿಯಲ್ಲಿ ಎದುರೆದುರು ಎರಡು ತಟ್ಟೆ ಇಟ್ಟು, ಗಂಜಿಗೆ ತುಪ್ಪ ಬಿಟ್ಟು, ತಾವೂ ಉಣ್ಣುತ್ತಿದ್ದರು. ಗಂಜಿ ಉಣ್ಣುವುದರಲ್ಲಿ ಕಲಿಯುವುದೇನಿದೆ ಹೇಳಿ! ಆದರೂ ನಾನು ವಿಧೇಯ ವಿದ್ಯಾರ್ಥಿನಿಯಾಗಿ ಕಲಿತೆ.

ಎರಡು ತಿಂಗಳಾಗುವಷ್ಟರಲ್ಲಿ ಸಂಪೂರ್ಣ ಗುಣವಾಯಿತು. ಕಷ್ಟ ಶುರುವಾದದ್ದೇ ಅಲ್ಲಿ. ಕಾಯಿಲೆಯಿಲ್ಲದ ಹೆಣ್ಣು ಒಂಟಿ ಗಂಡಸಿನ ಮನೆಗೆ ಹೋದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ವಾರದಲ್ಲಿ ನನ್ನ ಊಟ, ನಿದ್ರೆ ವಿಚಾರಿಸುವ ಮನೆ ಅದೊಂದೇ. ಹಾಗಾಗಿ ಪ್ರತಿ ಆಯ್ತವಾರ ಮುಖ ಸಪ್ಪೆ ಮಾಡಿಕೊಂಡು ಹೋಗಿ, “ಇನ್ನೂ ಸ್ವಲ್ಪ ಉರಿ” ಎನ್ನುತ್ತಿದ್ದೆ. ಅವರು ನಾಡಿ ಹಿಡಿದು, “ಹೌದು, ಸ್ವಲ್ಪ ಇದೆ” ಎಂದು ಪೊಟ್ಟಣ ಕೊಡುತ್ತಿದ್ದರು.

ತಿನ್ನದೆ ಹಾಗೇ ಇಡುತ್ತಿದ್ದ ಪೊಟ್ಟಣವನ್ನು ಒಂದು ಸಲ ಬಿಚ್ಚಿ ನಾಲಿಗೆಗೆ ಇಟ್ಟರೆ, ಕಹಿಯೇ ಇಲ್ಲ. ಬರೀ ಹುರಿದ ಜೀರಿಗೆ, ಕಲ್ಲುಸಕ್ಕರೆ. ನನ್ನ ಸುಳ್ಳು ಅವರಿಗೆ ಗೊತ್ತು! ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಅಕ್ಕೋರಿಗೆ ಇದಕ್ಕಿಂತ ನಾಚಿಕೆ ಬೇಕೆ? ಅವರು ಯಾಕೆ ಕೊಟ್ಟರೆಂದು ಯೋಚಿಸಲಿಲ್ಲ, ಸಿಕ್ಕಿಬಿದ್ದೆನೆಂದಷ್ಟೇ ಯೋಚಿಸಿದೆ. ಹೋಗುವುದನ್ನು ಬಿಟ್ಟೆ.

ಬಿಡುವುದೂ ಸುಲಭವಾಗಿತ್ತು. ಮದ್ದಿನ ಮನೆಯಿಂದ ಹೊರಡುವಾಗ ‘ಬರ್ತೆ’ ಎನ್ನಬಾರದು, ಅಂದರೆ ಕಾಯಿಲೆಯೂ ಮರಳಿ ಬರುತ್ತದಂತೆ, ಸುಮ್ಮನೆ ಮೆಟ್ಟಿಲಿಳಿಯಬೇಕು. ಬಾರದವರನ್ನು ಪಂಡಿತರೂ ಹೇಳಿಕಳಿಸಿ ಕರೆಯುವಂತಿಲ್ಲ. ಬರಲಿಲ್ಲ ಎಂದರೆ ಗುಣವಾಯಿತು ಎಂದರ್ಥ. ಪದ್ಧತಿಯ ಸೆರಗಿನಲ್ಲಿ ನಾನು ಮುಖ ಮುಚ್ಚಿಕೊಂಡೆ. ರಸ್ತೆಯಲ್ಲಿ ಅವರನ್ನು ದೂರದಿಂದ ಕಂಡರೆ ಗಲ್ಲಿ ಬದಲಾಯಿಸುತ್ತಿದ್ದೆ.

ಮಳೆಗಾಲ ಮುಗಿಯುತ್ತಿದ್ದಂತೆ ಪಂಡಿತರು ತೀರಿಕೊಂಡ ಸುದ್ದಿ ಬಂತು. ಓಡಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಅಂಗಳ ಗುಡಿಸುತ್ತಿದ್ದ ನಾಗಮ್ಮ ಒಬ್ಬಳೇ ಜಗಲಿಯಲ್ಲಿ ಕೂತಿದ್ದಳು.

“ನೀವೇ ಅಲ್ದಾ ಆಯ್ತವಾರದ ಅಕ್ಕೋರು?” ಎಂದಳು. “ಆಯ್ತವಾರ ಒಂಬತ್ತು ಗಂಟೆವರೆಗೆ ಬೇರೆ ಯಾರನ್ನೂ ಕೂರಿಸ್ಕಂತಿರಲಿಲ್ಲ ಅವ್ರು. ಅಕ್ಕೋರಿಗೆ ಅಂಥಾ ಕಾಯಿಲೆ ಎಂತದು ಅಂತ ಕೇಳಿದೆ ಒಂದಿನ. ‘ಅವ್ರಿಗೆ ಎಂತದೂ ಇಲ್ಲ ನಾಗಮ್ಮ, ಯಾವಾಗ್ಲೋ ಗುಣ ಆತು. ಅವ್ರು ಬಂದು ಕೂತ್ರೆ ನಂಗೆ ಎರಡು ತುತ್ತು ಹೆಚ್ಚು ಸೇರ್ತದೆ’ ಅಂದ್ರು. ನೀವು ಬರೂದು ಬಿಟ್ಟ ಮೇಲೂ ಒಂಬತ್ತರವರೆಗೆ ಯಾರನ್ನೂ ಕೂರಿಸಲಿಲ್ಲ.”

ನಾನು ಅಲ್ಲೇ ಕೂತು ಅತ್ತೆ. ನಾಡಿ ಹಿಡಿಯಲು ಬರುವುದು ಅವರಿಗೊಬ್ಬರಿಗೇ, ಸರಿ. ಮುಖ ನೋಡಲು ನನಗೆ ಬರುತ್ತಿರಲಿಲ್ಲವೇ? ಗಂಜಿಗೆ ತುಪ್ಪ ಬಿಡುವಾಗಿನ ಆ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು. ಇದೊಂದು ಉರಿ ಮಾತ್ರ ಇಷ್ಟು ವರ್ಷವೂ ಇಳಿದಿಲ್ಲ.

ಆಮೇಲೂ ನಾನು ಒಂಟಿಯಾಗಿಯೇ ಉಳಿದೆ, ನೆಪಗಳಿಂದಲೇ ಬದುಕಿದೆ. ಪಕ್ಕದ ಮನೆಗೆ ಹೋಗಬೇಕೆನಿಸಿದರೆ ಮೊಸರಿಗೆ ಹೆಪ್ಪು ಬೇಕೆನ್ನುವುದು, ಇವತ್ತು ಏಕಾದಶಿಯೋ ಎಂದು ಗೊತ್ತಿದ್ದೂ ಕೇಳುವುದು. ಇವತ್ತು ಜೀರಿಗೆಯ ಹೊಗೆ ಹೋಗಲೆಂದು ಕಿಟಕಿ ತೆರೆದವಳು ಅಲ್ಲಿ ನಿಲ್ಲಲಾರದೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆ ಮನೆಯ ಸೊಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಎಂತ ಬೇಕಿತ್ತು ಅಕ್ಕೋರೇ?”

‘ಹೆಪ್ಪು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಎಂತದೂ ಬೇಡ ಮಾರಾಯ್ತಿ. ಒಬ್ಬಳೇ ಕೂತು ಕೂತು ಬೇಜಾರಾತು. ನಿನ್ನ ಸಂಗ್ತಿಗೆ ಸ್ವಲ್ಪ ಹೊತ್ತು ಕೂತ್ಕಂಬ ಹೇಳಿ ಬಂದೆ.”