ನೀಲಿ ಬಟನ್ ಇಲ್ಲದ ಮೇಲ್

ಅಕ್ಕ ಹೆಬ್ಬಾಳದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟರ್ ಆಗಿದ್ದಳು. ಕಂಪನಿ ಮಾಡಿದ ವೆಬ್‌ಸೈಟಿಗೆ ಹೊಸ ಗಿರಾಕಿಯ ಹಾಗೆ ಸೇರಿಕೊಂಡು, ಎಲ್ಲಿ ಕೆಡುತ್ತದೆ ಎಂದು ನೋಡುವುದು ಅವಳ ಕೆಲಸ. ಸೇರಲು ಪ್ರತಿಸಲವೂ ಹೊಸ ಮೇಲ್ ಐಡಿ ಬೇಕು. ಒಮ್ಮೆ ಬಳಸಿದ್ದು ಮತ್ತೆ ನಡೆಯುವುದಿಲ್ಲ. ಬಿಟ್ಟಿ ಐಡಿ ಮಾಡೋಣವೆಂದರೆ ಒಂದೊಂದಕ್ಕೂ ಫೋನ್ ನಂಬರ್ ಕೇಳುತ್ತಿದ್ದರು. ಅಷ್ಟು ಸಿಮ್ ಎಲ್ಲಿಂದ ತರುವುದು? ಕೊನೆಗೆ ಅಕ್ಕ ಅಗ್ಗದ ಒಂದು ವೆಬ್ ವಿಳಾಸ ಕೊಂಡಳು. ಅದರ ಮುಂದೆ ಯಾವ ಹೆಸರು ಸೇರಿಸಿ ಕಳಿಸಿದರೂ ಮೇಲ್ ಒಂದೇ ಡಬ್ಬಿಗೆ ಬಂದು ಬೀಳುತ್ತಿತ್ತು.

ಹೆಸರು ಹುಟ್ಟಿಸುವುದು ನನ್ನ ಪಾಲಿಗೆ ಬಂತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಗಲಗುಂಟೆಯ ಮನೆಯಲ್ಲೇ ಇದ್ದೆ. ಅಡುಗೆಮನೆಯಲ್ಲಿ ಕಂಡದ್ದೇ ಹೆಸರು: ಹೀರೆಕಾಯಿ, ನುಗ್ಗೆಕಾಯಿ, ಮಂಗಳೂರು ಸೌತೆ. ತರಕಾರಿ ಮುಗಿದ ಮೇಲೆ ಸೌಟು, ಜರಡಿ, ತುರಿಮಣೆ.

"ನಿನ್ನ ಹೀರೆಕಾಯಿ ಪಾಸ್‌ವರ್ಡ್ ಮರ್ತಿದ್ದಾಳೆ ಕಣೇ, ಆಫೀಸಲ್ಲಿ ಎಲ್ರೂ ನಗ್ತಿದ್ರು" ಎಂದಳು ಅಕ್ಕ ಒಂದು ಸಂಜೆ.

"ಅವಳು ಮೊದ್ಲಿಂದ್ಲೂ ಹಂಗೇ, ತಲೆ ತುಂಬಾ ನೀರು" ಎಂದೆ.

ಬಂದ ಮೇಲ್ ನೋಡುವುದೂ ನನ್ನ ಕೆಲಸವೇ: ತೆರೆದು, ಸೇರಿದ್ದನ್ನು ಖಚಿತಪಡಿಸುವ ನೀಲಿ ಬಟನ್ ಒತ್ತಿ, ಅಳಿಸಿಬಿಡಬೇಕು. ಅಕ್ಷರ ಕೂಡಿಸಿ ಹೆಸರು ಗುರುತಿಸುತ್ತಿದ್ದೆನೇ ಹೊರತು, ನನಗೆ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಲು ಬರುತ್ತಿರಲಿಲ್ಲ. "ಓದಿ ನೋಡಿ ಅಳಿಸ್ತೀಯ ತಾನೆ?" ಎಂದು ಅಕ್ಕ ಕೇಳಿದಾಗ, ಹೂಂ ಎಂದಿದ್ದೆ. ಅವಳ ಮುಂದೆ ದಡ್ಡಿಯಾಗಲು ಮನಸ್ಸಿರಲಿಲ್ಲ.

ಒಂದು ದಿನ ತರಕಾರಿಗಳ ನಡುವೆ ಅಕ್ಕನ ಸ್ವಂತ ಹೆಸರಿಗೆ ಮೇಲ್ ಬಂದಿತ್ತು. ಉದ್ದವಾಗಿತ್ತು, ನೀಲಿ ಬಟನ್ ಇರಲಿಲ್ಲ. ಬಟನ್ ಇಲ್ಲದ್ದು ನನ್ನ ಲೆಕ್ಕದಲ್ಲಿ ಕಸ. ಕೇಳೋಣ ಅನ್ನಿಸಿತು. ಕೇಳಿದರೆ ಓದಲು ಬಾರದ್ದು ತಿಳಿಯುತ್ತಿತ್ತು. ಅಳಿಸಿದೆ.

ಆ ಸಂಜೆ ಅಕ್ಕ ಚಪ್ಪಲಿ ಬಿಡುತ್ತಲೇ ಕೇಳಿದಳು. "ನನ್ ಹೆಸರಿಗೇನಾದ್ರೂ ಬಂತೇನೇ? ದೊಡ್ಡ ಕಂಪನಿಗೆ ಅರ್ಜಿ ಹಾಕಿದೀನಿ. ಆಫೀಸಲ್ಲಿ ನನ್ ಮೇಲ್ ಎಲ್ರಿಗೂ ಕಾಣುತ್ತೆ, ಅದಕ್ಕೇ ನಮ್ ಡಬ್ಬಿದೇ ಕೊಟ್ಟೆ. ಇಂಟರ್‌ವ್ಯೂಗೆ ಕರೀತಾರೆ ಅನ್ಸುತ್ತೆ."

ಅಳಿಸಿದ ಮೇಲ್ ತಕ್ಷಣ ಹೋಗುವುದಿಲ್ಲ, ಕಸದ ಬುಟ್ಟಿಯಲ್ಲಿ ಇರುತ್ತದೆ. ಅದು ನನಗೆ ಗೊತ್ತಿತ್ತು. ತೆಗೆದುಕೊಟ್ಟಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು.

"ಇಲ್ಲ ಕಣಕ್ಕ" ಎಂದೆ. ಅವಳು ಮುಖ ತೊಳೆಯಲು ಹೋದಾಗ ಬುಟ್ಟಿಯನ್ನೂ ಖಾಲಿ ಮಾಡಿದೆ.

ಆಮೇಲೂ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದಳು. ನಿಧಾನವಾಗಿ ಕೇಳುವುದನ್ನು ಬಿಟ್ಟಳು. ಅವಳ ಕಂಪನಿ ಮುಚ್ಚಿದಾಗ, ಬೇರೆ ಕಡೆ ಅರ್ಜಿ ಹಾಕು ಎಂದು ನಾನೇ ದುಂಬಾಲು ಬಿದ್ದೆ. "ಒಂದು ಉತ್ತರಕ್ಕೂ ಲಾಯಕ್ಕಿಲ್ಲದೋಳು ನಾನು. ಸುಮ್ನಿರು" ಎಂದಳು. ಈಗ ಹೆಸರಘಟ್ಟ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದರೆ ಹತ್ತಿರ ಹೋಗದೆ, ಪಕ್ಕದ ಹುಡುಗಿಗೆ ಬಿಡುತ್ತಾಳಂತೆ.

ಡಬ್ಬಿಗೆ ದುಡ್ಡು ಕಟ್ಟದೆ ಅದೂ ನಿಂತುಹೋಗಿದೆ. ಮೊನ್ನೆ ಹೀರೆಕಾಯಿ ಹೆರೆಯುತ್ತಾ ಅಕ್ಕ, "ಇವಳ ಪಾಸ್‌ವರ್ಡ್ ಏನಾಗಿತ್ತೇ?" ಎಂದು ನಕ್ಕಳು. ಅಳಿಸಿದ ಆ ಮೇಲ್ ವಿಷಯ ಆಗಲಾದರೂ ಹೇಳಬಹುದಿತ್ತು. ಮರೆತಿದ್ದೇನೆ ಎಂದೆ.